ಟೈಲರಮ್ಮನ ರಿಪೋರ್ಟು

ಟೈಲರಮ್ಮನ ಅಂಗಡಿಯಲ್ಲಿ ಎರಡು ಅಳತೆ. ಗಿರಾಕಿಗೆ ಹೇಳುವುದೊಂದು, ಪುಸ್ತಕದಲ್ಲಿ ಬರೆದುಕೊಳ್ಳುವುದೊಂದು. ಸೊಂಟ ನಲವತ್ತಿದ್ದರೆ ಬಾಯಲ್ಲಿ ಮೂವತ್ತೆಂಟು ಅನ್ನುವರು. ಕತ್ತರಿ ಮಾತ್ರ ನಲವತ್ತಕ್ಕೇ ಓಡುವುದು. ಗಿರಾಕಿಗೂ ಖುಷಿ, ಬಟ್ಟೆಯೂ ಸರಿ. ಮೂವತ್ತು ವರ್ಷ ಹೀಗೇ ನಡೆದಿತ್ತು.

ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಪರೀಕ್ಷೆಗೆ ಅವರು ಜಪ್ಪಯ್ಯ ಅಂದರೂ ಒಪ್ಪದೇ ಇದ್ದದ್ದು ಅದಕ್ಕೇ.

"ಡಾಕ್ಟ್ರೂ ನನ್ ಥರಾನೇ ಕಣೇ. ಹೇಳೋದೊಂದು, ಬರ್ಕೊಳೋದೊಂದು. ಸುಳ್ಳು ಕೇಳೋಕೆ ಸೂಜಿ ಬೇರೆ ಚುಚ್ಚಿಸ್ಕೋಬೇಕಾ?"

"ಇಂಗ್ಲಿಷಲ್ಲಿ ಬರ್ದಿರೋದನ್ನ ನಾನೇ ಓದಿ ಹೇಳ್ತೀನಮ್ಮ. ಸರೀನಾ?" ಅಂದಳು ಮಗಳು. ಶಾಲೆಯಲ್ಲಿ ಟೀಚರ್ ಅವಳು.

ಆ ಮಾತಿನ ಮೇಲೆ ಟೈಲರಮ್ಮ ಸೂಜಿಗೆ ಎದೆಯೊಡ್ಡಿದರು.

ವಾರದ ನಂತರ ಇಬ್ಬರೂ ಆಸ್ಪತ್ರೆಗೆ ಬಂದರು. ಮಗಳು ಕೌಂಟರಿನಲ್ಲಿ ಲಕೋಟೆ ತೆಗೆದುಕೊಂಡು, ಕಿಟಕಿಯ ಬಳಿ ನಿಂತು ಓದಿದಳು. ಬೆಂಚಿನ ಮೇಲಿದ್ದ ಟೈಲರಮ್ಮನಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಓದುವುದಕ್ಕೆ ಅಷ್ಟು ಹೊತ್ತು ಬೇಕೇ? ಆಮೇಲೆ ನಗುನಗುತ್ತಾ ಬಂದು ಪಕ್ಕದಲ್ಲಿ ಕೂತಳು.

"ಏನಿಲ್ಲಮ್ಮ. ಸಣ್ಣ ಗಂಟು. ತೆಗೆದುಬಿಟ್ರೆ ಆಯ್ತು."

ಆ ನಗು ಟೈಲರಮ್ಮನಿಗೆ ಚೆನ್ನಾಗಿ ಗೊತ್ತು. ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖದ ಮೇಲೆ ದಿನಾ ನೋಡುತ್ತಿದ್ದದ್ದೇ.

"ನಂಗೇ ಮೂವತ್ತೆಂಟು ಹೇಳ್ತೀಯೇನೇ?" ಎಂದರು. "ನಲವತ್ತು ಹೇಳು."

ಮಗಳ ನಗು ಮಾಸಿತು. ಲಕೋಟೆಯಿಂದ ಕಾಗದ ಮತ್ತೆ ಹೊರಗೆ ಬಂತು.

"ಕ್ಯಾನ್ಸರ್ ಅಂತ ಬರ್ದಿದೆ ಅಮ್ಮ." ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಅರ್ಥ ಹೇಳುತ್ತಾ ಹೋದಳು. "ಈ ಪದ ನಂಗೆ ಗೊತ್ತಿಲ್ಲ, ಡಾಕ್ಟ್ರನ್ನೇ ಕೇಳೋಣ. ಬೇರೆ ಕಡೆ ಹರಡಿದ್ಯಾ ಅಂತ ಇದ್ರಲ್ಲಿಲ್ಲ. ಅದಕ್ಕೆ ಇನ್ನೊಂದು ಟೆಸ್ಟ್ ಮಾಡಿಸ್ಬೇಕೇನೋ."

ಟೈಲರಮ್ಮನ ಕಿವಿ ಮಗಳ ದನಿಯ ಮೇಲೇ ಇತ್ತು. ದನಿ ನಡುಗುತ್ತಿತ್ತು, ನಿಲ್ಲಲಿಲ್ಲ. ಗೊತ್ತಿದ್ದದ್ದನ್ನು ಗೊತ್ತು ಅಂದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು, ಒಂದಕ್ಷರ ನುಂಗಲಿಲ್ಲ. ತನ್ನಿಂದ ಆಗದೇ ಇದ್ದದ್ದು ಈ ಹುಡುಗಿಯಿಂದ ಆಯಿತಲ್ಲ! ಅಷ್ಟು ಭಯದಲ್ಲೂ ಅವರ ಎದೆ ಉಬ್ಬಿತು.

ನರ್ಸ್ ಬಾಗಿಲಿನಿಂದ ಇಣುಕಿದಳು. "ಮಗಳು ಒಬ್ರೇ ಒಳಗ್ ಬರ್ಬೇಕಂತೆ."

ಟೈಲರಮ್ಮ ಸೆರಗು ಸರಿಮಾಡಿಕೊಂಡು, ಮಗಳಿಗಿಂತ ಮುಂದೆ ಒಳಗೆ ಹೋದರು.

"ನನ್ ಮಗಳು ನಂಗೆ ಎಲ್ಲಾ ಓದಿ ಹೇಳಿದಾಳೆ ಡಾಕ್ಟ್ರೇ. ಮುಂದಿನ ಟೆಸ್ಟ್ ಯಾವತ್ತು, ಅದನ್ನ ಹೇಳಿ."

ಡಾಕ್ಟರು ಮಗಳ ಕಡೆಗಿದ್ದ ತಮ್ಮ ಕುರ್ಚಿಯನ್ನು ತಾಯಿಯ ಕಡೆಗೆ ತಿರುಗಿಸಿದರು.