ಅಕ್ಕ ತಂಬಾಕು ತಿಂದವಳಲ್ಲ

ಗಡಿಯಾರ ರಿಪೇರಿಯವನಿಗೆ ಯಾವ ಗಡಿಯಾರ ನಿಂತರೂ ಕಾರಣ ತಿಳಿಯುವ ತನಕ ಊಟ ರುಚಿಸುತ್ತಿರಲಿಲ್ಲ. ಈಗ ಅವನ ತಲೆ ಕೊರೆಯುತ್ತಿದ್ದುದು ಅಕ್ಕನ ಕಾಯಿಲೆ. ಅವಳ ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಎಂದಿದ್ದರು ವೈದ್ಯೆ. ದಿನಕ್ಕೆ ಹತ್ತು ಪೊಟ್ಟಣ ತಂಬಾಕು ಅಗಿಯುವ ತಾನು ಗುಂಡುಕಲ್ಲಿನ ಹಾಗಿದ್ದೇನೆ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಅಕ್ಕನಿಗೇಕೆ ಬಂತು?

ಪಕ್ಕದ ಮನೆಯ ಟೈಲರಮ್ಮನ ಬಳಿ ಉತ್ತರ ಸಿದ್ಧವಿತ್ತು. "ಬೆಂಕಿಯಿಲ್ಲದೆ ಹೊಗೆಯಾಡುತ್ತಾ? ಕದ್ದುಮುಚ್ಚಿ ತಿಂದಿರ್ತಾಳೆ."

ಆ ಮಾತು ಅವನ ಮನಸ್ಸಿಗೂ ಹೊಕ್ಕಿತು. ಸಂಜೆ ಕೇಳಿಯೇಬಿಟ್ಟ. "ನಿಜ ಹೇಳಕ್ಕಾ, ಯಾವಾಗಾದ್ರೂ ನನ್ನ ಪೊಟ್ಟಣದಿಂದ..."

"ನೀನೂ ಹಾಗೇ ಅಂದ್ಕೊಂಡ್ಯಾ?" ಎಂದಳು ಅಕ್ಕ. ಗೋಡೆಯತ್ತ ಹೊರಳಿ ಮಲಗಿದಳು.

ಮರುದಿನ ಅವನೊಬ್ಬನೇ ವೈದ್ಯೆಯ ಮುಂದೆ ಕುಳಿತ. "ತಿನ್ನದೇ ಇದ್ದೋರಿಗೂ ಬರುತ್ತಾ ಡಾಕ್ಟ್ರೇ?"

"ಬರುತ್ತೆ. ನಿಮ್ಮ ಮನೇಲಿ ಇನ್ಯಾರಿಗಾದ್ರೂ ಬಂದಿತ್ತಾ?"

ಅಮ್ಮನ ಕಡೆಯ ಅಜ್ಜಿಗೆ ದವಡೆಯಲ್ಲಿ. ಸೋದರಮಾವನಿಗೆ ಗಂಟಲಲ್ಲಿ, ನಲವತ್ತಕ್ಕೇ. ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು.

"ನಮ್ಮ ಜೀವಕೋಶಗಳಿಗೆ ದಿನಾ ಪೆಟ್ಟು ಬೀಳ್ತಿರುತ್ತೆ. ಅದನ್ನ ರಿಪೇರಿ ಮಾಡೋ ಜೀನ್‌ಗಳು ಕೆಲವು ಮನೆತನಗಳಲ್ಲಿ ಹುಟ್ಟಿನಿಂದ್ಲೇ ದುರ್ಬಲ. ನಿಮ್ಮಕ್ಕನಿಗೆ ಅದೇ ಕಾರಣಾನಾ ಅನ್ನೋದು ಪರೀಕ್ಷೆ ಮಾಡಿದ್ರೇ ಗೊತ್ತಾಗೋದು."

"ಹಾಗಾದ್ರೆ ಬರೋದು ಬಂದೇ ಬರುತ್ತೆ. ನಾನು ತಿಂದ್ರೇನು, ಬಿಟ್ರೇನು?"

"ರಕ್ತದಲ್ಲಿದ್ರೆ ಬರಲೇಬೇಕು ಅಂತಿಲ್ಲ. ಅದರ ಮೇಲೆ ತಂಬಾಕೂ ಸೇರಿದ್ರೆ ಅಪಾಯ ಹೆಚ್ಚು. ನೀವೂ ಅದೇ ತಾಯಿ ಮಗ ತಾನೇ? ಬಾಯಿ ತೆಗೀರಿ."

ಕೆನ್ನೆಯ ಒಳಗೆ ಉಗುರಿನಷ್ಟಗಲ ಬಿಳಿ ಮಚ್ಚೆಯಿತ್ತು. ಚೂರು ತೆಗೆದು ಪರೀಕ್ಷಿಸಬೇಕು ಎಂದರು ವೈದ್ಯೆ. "ಯೋಚನೆ ಮಾಡ್ತೀನಿ," ಎಂದು ಎದ್ದ. ದಾರಿಯಲ್ಲಿ ಬೆರಳು ತಾನಾಗಿ ಜೇಬಿಗೆ ಇಳಿಯಿತು. ಪೊಟ್ಟಣವನ್ನು ಮುಟ್ಟಿ, ಬರಿದಾಗಿಯೇ ಮೇಲೆ ಬಂತು.

ಮನೆಯಲ್ಲಿ ಟೈಲರಮ್ಮ ಅಕ್ಕನನ್ನು ನೋಡಲು ಬಂದು ಕುಳಿತಿದ್ದಳು. ಅವಳ ಎದುರಿಗೇ ಹೇಳಿದ: "ನಮ್ಮಕ್ಕ ತಿಂದವಳಲ್ಲ. ತಿಂದೋನು ನಾನು. ತಪ್ಪಾಯ್ತಕ್ಕಾ." ಮಚ್ಚೆಯ ವಿಷಯವನ್ನೂ ಹೇಳಿದ.

ಟೈಲರಮ್ಮ ಸೆರಗು ಸರಿಮಾಡಿಕೊಂಡಳು. ಅಕ್ಕ ದಿಂಬಿನ ಪಕ್ಕದ ಟಾರ್ಚು ತೆಗೆದುಕೊಂಡು, ಅವನ ಗದ್ದ ಹಿಡಿದು ಬೆಳಕಿನತ್ತ ಎತ್ತಿದಳು.

"ಆ ಅನ್ನು," ಎಂದಳು, ತರಗತಿಯ ದನಿಯಲ್ಲಿ. ಬಹಳ ಹೊತ್ತು ನೋಡಿದಳು. "ನಾಳೆ ನನ್ನ ಜೊತೆ ಆಸ್ಪತ್ರೆಗೆ ನೀನೂ ಬರ್ತಿದ್ದೀಯ. ಯೋಚನೆಗೀಚನೆ ಏನೂ ಬೇಡ."