ಪಕ್ಕದವರ ಪ್ರಾರ್ಥನೆ

ಮೆಟ್ಟಿಲ ಮೇಲೆ ಸದ್ದು, ಜವಾನನದಲ್ಲ, ಅವನದು ಚಪ್ಪಲಿ ಎಳೆಯುವ ನಡಿಗೆ — ಇದು ಗಟ್ಟಿ ಹೆಜ್ಜೆ, ಗ್ಯಾರೇಜಿನವನದೇ, ಟೀಚರ್ ಕುರ್ಚಿಯಿಂದ ಎದ್ದು ನಿಂತಳು, ಇನ್ನೂ ಗಂಟೆ ಹೊಡೆದಿಲ್ಲ, ಮಹಡಿಯಲ್ಲಿ ಅವಳೊಬ್ಬಳೇ, ನಿನ್ನೆಯೇ ಜವಾನ ಹೇಳಿದ್ದ, ಆ ಗ್ಯಾರೇಜಿನವರ ಹುಡುಗಿ ಮನೇಲಿ ನೆಂಟರ ಮುಂದೆ ಬೆಂಚಿನ ಗೆಳತಿಯ ದೇವರ ಪ್ರಾರ್ಥನೆ ಹೇಳಿಬಿಟ್ಟಳಂತೆ ಮೇಡಂ, ಅವರಪ್ಪ ಬೆಳಿಗ್ಗೆ ಬರ್ತಾರಂತೆ, ಹುಷಾರು. ಹೇಳದೆ ಏನು ಮಾಡೀತು ಕೂಸು, ಶಾಲೆಯ ಪದ್ಧತಿಯೇ ಅದು, ಬೆಳಿಗ್ಗೆ ಯಾರೂ ತಮ್ಮ ಮನೆಯ ಪ್ರಾರ್ಥನೆ ಹೇಳುವಂತಿಲ್ಲ, ಪಕ್ಕದವರದ್ದನ್ನು ಹೇಳಬೇಕು, ತಪ್ಪಿದರೆ ಪಕ್ಕದವರು ತಿದ್ದಬೇಕು. ಧರ್ಮದ ಗಲಭೆಗೆ ಊರು ಹೊತ್ತಿ ಉರಿದ ವರ್ಷ ಹಳೆಯ ಹೆಡ್‌ಮಿಸ್ ಶುರುಮಾಡಿದ್ದು, ದೊಡ್ಡವರ ತಲೆಗೆ ಹೋಗಲ್ಲ, ಮಕ್ಕಳ ಬಾಯಿಗೆ ಹಾಕೋಣ ಎಂದು, ಮೊದಲ ವಾರವೇ ಕಿಟಕಿಯಿಂದ ಕಲ್ಲು ಬಂತು, ಹೆಡ್‌ಮಿಸ್ ಹಣೆಯ ರಕ್ತ ಒರೆಸಿಕೊಂಡು ಕಲ್ಲು ತೊಳೆದು ಮೇಜಿನ ಮೇಲೆ ಹಾಳೆಗಳು ಹಾರದಂತೆ ಇಟ್ಟರು, ಆಗ ಪುಟ್ಟ ಹುಡುಗಿಯಾಗಿ ಮುಂದಿನ ಬೆಂಚಿನಲ್ಲಿ ಕೂತಿದ್ದ ತಾನೇ ಅದನ್ನು ಕಣ್ಣಾರೆ ನೋಡಿದ್ದಳಲ್ಲ, ಬಂದದ್ದು ಬಂತು, ಕೆಲಸಕ್ಕಾದರೂ ಬರಲಿ ಎಂದಿದ್ದರು. ಆಮೇಲೆ ಸರ್ಕಾರದವರು ಸೌಹಾರ್ದದ ಪಾಠ ಸೇರಿಸಿದರು, ತೆಗೆದರು, ಮತ್ತೆ ಎರಡು ಅಂಕಕ್ಕೆ ಸೇರಿಸಿದರು, ಕಲ್ಲು ಮಾತ್ರ ಮೇಜು ಬಿಟ್ಟು ಕದಲಲಿಲ್ಲ. ಹೆಡ್‌ಮಿಸ್‌ಗೆ ಗುಂಡಿಗೆ ಇತ್ತು, ತನಗೆಲ್ಲಿ — ಬೆಂಚುಗಳನ್ನು ಬೇರೆ ಮಾಡಿಬಿಡಲೇ, ಇನ್ನು ಮೇಲೆ ಅವರವರದ್ದು ಅವರವರು ಹೇಳಲಿ ಎಂದುಬಿಡಲೇ, ಒಂದು ಮಾತು, ಮುಗಿದುಹೋಗುತ್ತದೆ, ಅಷ್ಟು ವರ್ಷದ್ದೂ ಮುಗಿದುಹೋಗುತ್ತದೆ. ಹೆಜ್ಜೆ ಪಡಸಾಲೆಗೆ ಬಂತು, ಓಡಲು ಇನ್ನೊಂದು ಬಾಗಿಲಿಲ್ಲ, ಅವನ ಕೈಗಳು ಎಷ್ಟು ದೊಡ್ಡವು, ಲಾರಿಯ ಗಾಲಿ ಬಿಚ್ಚುವ ಕೈ, ಹೆದರಿಕೆಗೆ ಕಣ್ಣು ಕತ್ತಲೆ ಬಂದಂತಾಯಿತು.

ಬಾಗಿಲಲ್ಲಿ ಅವನು, ಪಕ್ಕದಲ್ಲಿ ಮಗಳು. ನಮಸ್ಕಾರ ಟೀಚರ್, ಬೆಳಿಗ್ಗೇನೇ ತೊಂದರೆ ಕೊಟ್ಟೆ, ಇವಳು ಆ ಗೆಳತಿ ಪ್ರಾರ್ಥನೇನ ಅರ್ಧಕ್ಕೇ ನಿಲ್ಲಿಸ್ತಾಳೆ, ಹಾಸಿಗೆ ಹಿಡಿದಿರೋ ನಮ್ಮಮ್ಮ ಉಳಿದದ್ದು ಏನಂತೆ, ಕೇಳ್ಕೊಂಡು ಬಾ ಅಂತ ಪ್ರಾಣ ತಿಂತಾರೆ, ನಾನೂ ಅದಕ್ಕೇ — ಮಾತು ಅಲ್ಲಿಗೇ ನಿಂತಿತು. ಅವನು ಮಗಳನ್ನು ಮೆಲ್ಲಗೆ ತನ್ನ ಬೆನ್ನ ಹಿಂದಕ್ಕೆ ಸರಿಸಿದ, ಒಂದು ಹೆಜ್ಜೆ ಹಿಂದೆ ಇಟ್ಟ, ಯಾಕೆ, ಏನಾಯಿತು, ಏನು ನೋಡುತ್ತಿದ್ದಾನೆ, ಮೇಜಿನ ಹಾಳೆಗಳು ಗಾಳಿಗೆ ಒಂದೊಂದೇ ನೆಲಕ್ಕೆ ಬೀಳುತ್ತಿವೆ, ಅವನ ಕಣ್ಣು ತನ್ನ ಮುಖದ ಮೇಲಿಲ್ಲ, ಭುಜಕ್ಕಿಂತ ಮೇಲಿದೆ, ಮೇಲೆ ಎತ್ತಿದ ತನ್ನ ಬಲಗೈಯ ಮೇಲಿದೆ, ಆ ಕೈಯಲ್ಲಿ ಕಲ್ಲು, ಹೆಡ್‌ಮಿಸ್ ತೊಳೆದಿಟ್ಟ ಕಲ್ಲು.