ಹಿಂಬಾಗಿಲ ಸಾಲು

ನಮ್ಮ ಹೊಲಿಗೆ ಅಂಗಡಿಗೆ ಎರಡು ಬಾಗಿಲು. ಸಂಜೆ ಕೆಲಸ ಮುಗಿದ ಮೇಲೆ ಉಳಿದವರೆಲ್ಲ ಮುಂಬಾಗಿಲಿನಿಂದ ಕೈಬೀಸಿಕೊಂಡು ಹೋಗುತ್ತಾರೆ. ಸೇತುವೆಯಾಚೆಯ ಓಣಿಯವರು ಮಾತ್ರ ಹಿಂಬಾಗಿಲಲ್ಲಿ ಸಾಲಾಗಿ ನಿಂತು ಚೀಲ ಬಿಚ್ಚಿ ತೋರಿಸಬೇಕು. ಕದ್ದ ಮಾಲು ಹಿಡಿದುಕೊಂಡೇ ಹುಟ್ಟಿದ್ದೇವಾ ನಾವು? ಕೇಳಿದರೆ, "ಮೊದಲಿಂದ ನಡ್ಕೊಂಡು ಬಂದಿದ್ದಮ್ಮ" ಎನ್ನುತ್ತಾರೆ ಯಜಮಾನರು. ನಾನೂ ಆ ಓಣಿಯವಳೇ. ಅಂಗಡಿಯ ಕಸ ಗುಡಿಸುವ ನನ್ನಮ್ಮನೂ.

ಇವತ್ತು ಮಧ್ಯಾಹ್ನ ಒಂದು ಸುರುಳಿ ಜರಿ ಲೇಸು ಕಾಣೆಯಾಯಿತು. ಯಜಮಾನರು ನನ್ನನ್ನು ಕರೆದರು.

"ಇನ್ಮೇಲೆ ಚೀಲ ನೋಡೋ ಕೆಲಸ ನಿಂದು. ನೀನು ಆ ಕಡೆಯವಳಾದ್ರೂ ಅವ್ರ ಥರ ಅಲ್ಲ. ಎಲ್ಲೆಲ್ಲಿ ಬಚ್ಚಿಡ್ತಾರೆ ಅಂತ ನಿಂಗೇ ಗೊತ್ತಿರುತ್ತೆ. ಲೇಸು ಸಿಗ್ಲಿಲ್ವೋ, ನಾಳೆಯಿಂದ ನಿಮ್ಮ ಓಣಿಯವ್ರು ಒಬ್ರೂ ಬೇಡ."

ಹೊಗಳಿದರೋ ಉಗಿದರೋ ದೇವರೇ ಬಲ್ಲ. ಒಲ್ಲೆ ಎಂದರೆ ನಾನೂ ಕಳ್ಳರ ಕಡೆಯವಳು. ಒಪ್ಪಿದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಾಯಿಂದ ಬಂದದ್ದು "ಆಗ್ಲಿ ಸಾರ್" ಎಂಬುದೇ.

ಸಂಜೆ ಸಾಲಿನಲ್ಲಿ ಮೊದಲು ಬಂದವಳು ಪಕ್ಕದ ಮನೆಯ ಚಿಕ್ಕಮ್ಮ.

"ಏನಮ್ಮಾ ಇನ್ಸ್‌ಪೆಕ್ಟ್ರೇ, ಸರಿಯಾಗಿ ನೋಡು. ಒಳಗೆ ಅಂಗಡೀನೇ ಇಟ್ಕೊಂಡಿದೀನಿ!"

ಸಾಲೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದರು.

ಆಮೇಲೆ ಅಮ್ಮ. ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಳು. ಮೊನ್ನೆ ತಾನೇ, ತಂಗಿಯ ರವಿಕೆಗೆ ಒಂದು ಗೇಣು ಜರಿ ಲೇಸಿದ್ದಿದ್ದರೆ ಎಷ್ಟು ಚೆಂದ ಎಂದಿದ್ದಳು. ಹಾಳಾದ ಆ ಮಾತು ಈಗಲೇ ನೆನಪಾಗಬೇಕೆ!

"ನೋಡು ಮಗಳೇ," ಎಂದು ಅವಳೇ ಚೀಲ ಚಾಚಿದಳು. "ನನ್ನನ್ನ ಹಾಗೇ ಬಿಟ್ರೆ ನಿನ್ನ ಕೆಲಸಕ್ಕೆ ಕುತ್ತು."

ಸುಮ್ಮನೆ ಒಮ್ಮೆ ಕೈಯಾಡಿಸಿದ್ದರೆ ಸಾಕಿತ್ತು, ಯಜಮಾನರೂ ಅಷ್ಟಕ್ಕೇ ಬಿಡುತ್ತಿದ್ದರು. ನಾನು ಹಳೆ ಸೀರೆ ಕೊಡವಿದೆ. ಊಟದ ಡಬ್ಬಿ ಕೈಗೆತ್ತಿಕೊಂಡು ಭಾರ ನೋಡಿದೆ. ಮುಚ್ಚಳವನ್ನೂ ತೆಗೆದೆ. ತೊಳೆದಿಟ್ಟ ಖಾಲಿ ಡಬ್ಬಿ.

ಅಷ್ಟರಲ್ಲಿ ಒಳಗಿನಿಂದ ಕಟಿಂಗ್ ಮಾಸ್ತರನ ಕೂಗು ಕೇಳಿಸಿತು. "ಸಾರ್, ಸಿಕ್ತು! ನನ್ನ ಮೇಜಿನ ಹಿಂದೆನೇ ಬಿದ್ದಿತ್ತು!" ಅವನು ಮುಂಬಾಗಿಲಿನವನು.

"ಸದ್ಯ, ಒಳ್ಳೇದಾಯ್ತು," ಎಂದರು ಯಜಮಾನರು. ನನ್ನ ಕಡೆ ತಿರುಗಿ, "ಶುರು ಮಾಡಿದೀಯಲ್ಲ, ಉಳಿದವ್ರದ್ದೂ ನೋಡಿ ಮುಗಿಸ್ಬಿಡು" ಎಂದು ಒಳಗೆ ಹೋದರು.

ನಾನು ಡಬ್ಬಿ ಮುಚ್ಚಿ ಅಮ್ಮನ ಕೈಗಿಟ್ಟೆ. ಅವಳಿಗೆ ಸಿಟ್ಟು ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು.

"ನಾನು ತಗೊಂಡಿರಲ್ಲ ಅಂತ ಅವ್ರಿಗೆ ಗೊತ್ತಿರ್ಲಿಲ್ಲ, ಸರಿ. ನಿಂಗೂ ಗೊತ್ತಿರ್ಲಿಲ್ವಾ?"

ಅಮ್ಮ ಚೀಲ ಹೆಗಲಿಗೇರಿಸಿ ಹೊರಟಳು. ಹಿಂದಿದ್ದವಳು ಚೀಲ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಕೈ ಹಾಕಿದೆ.